ಬಿಎಸ್ಸಿ ನರ್ಸಿಂಗ್ ಸೀಟು, ಏಜೆಂಟ್ ಹೇಳೋ ‘ಸ್ಕಾಲರ್‌ಶಿಪ್ ಪ್ಯಾಕೇಜ್’, ನಾಲ್ಕು ವರ್ಷದ ದುಡ್ಡು: ಲೆಕ್ಕ ಗೊತ್ತಿದ್ದವರು ಹೇಳ್ರಿ

ಹಿರೇಹಳ್ಳ_ದಂಡಿ
ಕೇಸು ಹಿಂಗೈತ್ರಿ. ಹುಡುಗಿ ಕೊಪ್ಪಳ ಜಿಲ್ಲಾ, ದ್ವಿತೀಯ ಪಿಯು ಸೈನ್ಸ್, ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಒಳಗ ಶೇ 63. ಒಂದರಿಂದ ಹತ್ತರ ತನಕ ಹಳ್ಳಿ ಸಾಲಿ, ಕನ್ನಡ ಮಾಧ್ಯಮ. ಪ್ರವರ್ಗ 2ಎ. ಸಿಇಟಿ ಬರದಾಳ, ನೀಟ್ ಬರದಿಲ್ಲ. ಅಪ್ಪಗ ಎರಡು ಎಕರೆ ಹೊಲ, ಅದರ ಮ್ಯಾಲ ಬೆಳೆಸಾಲ.

ಬೆಂಗಳೂರಿಂದ ಒಬ್ಬ ಏಜೆಂಟಂದು ಫೋನಿನ ಮ್ಯಾಲ ಫೋನು. ‘ನಾಲ್ಕು ವರ್ಷದ ಪ್ಯಾಕೇಜ್ 3.80 ಲಕ್ಷ, ಸ್ಕಾಲರ್‌ಶಿಪ್ 1 ಲಕ್ಷ ಕಳದ್ರ 2.80, ಈ ವಾರ 20 ಸಾವಿರ ಹಾಕಿ ಸೀಟ್ ಬ್ಲಾಕ್ ಮಾಡ್ರಿ’ ಅಂತಾನ. ಕೇಳೋದು ಇಷ್ಟು: ಇದು ಖರೇನ? ಬಿಎಸ್ಸಿ ಮಾಡಬೇಕೋ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸಾಕೋ? ಬ್ಯಾಂಕಿನವರು ಸಾಲ ಕೊಡ್ತಾರೋ ಇಲ್ಲೋ?

ವಾರ್ಡ್_ರೌಂಡ್ಸ್
20 ಸಾವಿರ ಹಾಕಬೇಡಿ. ಉಳಿದಿದ್ದು ಆಮೇಲೆ ಮಾತಾಡೋಣ.

ಕೌಂಟರ್_ನಂ3
ಸೀಟು ಯಾವ ಬಾಗಿಲಿಂದ ಬಂತು ಅನ್ನೋದರ ಮೇಲೆ ಉಳಿದ ದುಡ್ಡಿನ ಕತೆಯೆಲ್ಲ ನಿಂತಿರುತ್ತೆ. ಬಿಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟು ಈಗ ಸಿಇಟಿ ಮೂಲಕ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಹಂಚುತ್ತೆ. ಖಾಸಗಿ ಕಾಲೇಜಲ್ಲೂ ಆ ಕೋಟಾದ ಸೀಟು ಇರುತ್ತೆ, ಅದಕ್ಕೆ ಸರ್ಕಾರ ನಿಗದಿ ಮಾಡಿದ ಶುಲ್ಕ. ಅದೇ ಕಾಲೇಜು, ಅದೇ ಬೆಂಚು, ಪಕ್ಕದವಳು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಹಲವು ಪಟ್ಟು ಕಟ್ಟಿರ್ತಾಳೆ. ಏಜೆಂಟ್ ಮಾರುತ್ತಿರೋದು ಈ ಎರಡನೇದನ್ನ. ಸಿಇಟಿ ಬರೆದ ಹುಡುಗಿ ಕೆಇಎ ಸುತ್ತುಗಳು ಮುಗಿಯೋ ತನಕ ಅವನ ಕಡೆ ತಿರುಗಿ ನೋಡೋ ಅವಶ್ಯಕತೆಯೇ ಇಲ್ಲ.

ಈ ಹುಡುಗಿಗೆ ಮೀಸಲಾತಿ ಪದರ ಪದರವಾಗಿ ಇದೆ. 2ಎ, ಗ್ರಾಮೀಣ ಶೇ 15, ಕನ್ನಡ ಮಾಧ್ಯಮ ಶೇ 5. ಮೇಲಿಂದ ಕೊಪ್ಪಳ ಅಂದ್ರೆ 371ಜೆ, ಸಂವಿಧಾನದಲ್ಲಿ ಕಲ್ಯಾಣ ಕರ್ನಾಟಕಕ್ಕೆ ಇರೋ ವಿಶೇಷ ಮೀಸಲಾತಿ. ಆ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಆದ್ರೆ ಪ್ರತಿಯೊಂದಕ್ಕೂ ಬೇರೆ ಬೇರೆ ಕಾಗದ: ಜಾತಿ-ಆದಾಯಕ್ಕೆ ನಾಡಕಚೇರಿಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರು, ಗ್ರಾಮೀಣಕ್ಕೂ ಕನ್ನಡ ಮಾಧ್ಯಮಕ್ಕೂ ಶಾಲೆಯ ಪ್ರಮಾಣಪತ್ರ ಬಿಇಒ ಮೇಲುಸಹಿ ಸಮೇತ, 371ಜೆಗೆ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪತ್ರ. ಸಿಇಟಿ ಅರ್ಜಿಯಲ್ಲಿ ಕ್ಲೇಮ್ ಮಾಡದೆ ಬಿಟ್ಟಿದ್ರೆ ಕೆಇಎ ತಿದ್ದುಪಡಿ ಲಿಂಕ್ ಬಿಟ್ಟ ದಿನವೇ ತಿದ್ದಬೇಕು. ಸರ್ಟಿಫಿಕೇಟು ಕೈಯಲ್ಲಿದ್ದು ಕ್ಲೇಮ್ ಇಲ್ಲ ಅಂದ್ರೆ ಜನರಲ್ ಲೆಕ್ಕ.

ಮಸಾಲೆ_ಮಂಡಕ್ಕಿ
371ಜೆ ಬಂದದ್ದು 2012ರ ತಿದ್ದುಪಡಿಯಿಂದ. ಇವತ್ತಿಗೂ ಎಷ್ಟೋ ಮನೆಯವರು ಅದು ಬರೀ ನೌಕರಿಗೆ ಅಂತ ತಿಳ್ಕೊಂಡಾರ.

ಹಿರೇಹಳ್ಳ_ದಂಡಿ
ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಹಾಕ್ಯಾರ. 371ಜೆ ಹಾಕಿಲ್ಲ. ಆ ಸರ್ಟಿಫಿಕೇಟೇ ಮಾಡಿಸಿಲ್ಲ ಇನ್ನ.

ಕೌಂಟರ್_ನಂ3
ನಾಳೆಯೇ ಅರ್ಜಿ ಹಾಕಿ. ಸ್ಥಳ ಪರಿಶೀಲನೆ, ಕಂದಾಯ ನಿರೀಕ್ಷಕರ ವರದಿ ಅಂತ ದಿನ ಹಿಡಿಯುತ್ತೆ. ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬೋವಾಗ) ಬಳ್ಳಾರಿ, ಕಲಬುರಗಿ ಕಡೆಯ ಸರ್ಕಾರಿ ಕಾಲೇಜುಗಳು ಮೇಲೆ ಇರಲಿ. ಸೀಟು ಹಂಚಿದ ಮೇಲೆ ನಾಲ್ಕು ಆಯ್ಕೆ ಬರುತ್ತೆ. ಒಂದು ಅಂದ್ರೆ ಒಪ್ಪಿ ಸೇರೋದು. ಎರಡು, ಸೀಟು ಇಟ್ಕೊಂಡೇ ಮುಂದಿನ ಸುತ್ತಿಗೆ ಹೋಗೋದು. ಮೂರು, ಇದು ಬೇಡ ಆದ್ರೆ ಮುಂದಿನ ಸುತ್ತಲ್ಲಿ ಇರ್ತೀನಿ. ನಾಲ್ಕು, ಪೂರ್ತಿ ಹೊರಗೆ. ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ತಿಳಿಯದೆ ಸೈಬರ್ ಸೆಂಟರ್ ಹುಡುಗನ ಕೈಲಿ ಕ್ಲಿಕ್ ಮಾಡಿಸಿ ಸೀಟು ಕಳ್ಕೊಳ್ಳೋರು ಪ್ರತಿವರ್ಷ ಇದ್ದೇ ಇರ್ತಾರೆ. ಎರಡರಲ್ಲಿ ಇನ್ನೊಂದು ಸೂಕ್ಷ್ಮ: ಮುಂದಿನ ಸುತ್ತಲ್ಲಿ ಮೇಲಿನ ಆಪ್ಷನ್ ಸಿಕ್ಕಿತು ಅಂದ್ರೆ ಹಳೇ ಸೀಟು ತಾನಾಗೇ ಹೋಗುತ್ತೆ. ನಿಜವಾಗಿ ಸೇರೋ ಮನಸ್ಸಿಲ್ಲದ ಕಾಲೇಜನ್ನ ಮೇಲೆ ಇಡಬೇಡಿ.

ಕಡಲತೀರ_ಕಾಂಜಿ
ಏಜೆಂಟರ ‘ಸ್ಕಾಲರ್‌ಶಿಪ್’ ಎರಡು ನಮೂನೆಯದ್ದು ಉಂಟು. ಒಂದು, ಶುಲ್ಕವನ್ನೇ ಒಂದು ಲಕ್ಷ ಏರಿಸಿ ಹೇಳಿ ಆಮೇಲೆ ಇಳಿಸುವುದು. ಜವಳಿ ಅಂಗಡಿಯ ಆಷಾಢ ಡಿಸ್ಕೌಂಟ್ ಇದ್ದ ಹಾಗೆ. ಇನ್ನೊಂದು ಸ್ವಲ್ಪ ಮೋಸದ್ದು: ವಿದ್ಯಾರ್ಥಿಗೆ ಸರ್ಕಾರದಿಂದ ಬರಬಹುದಾದ ಹಣವನ್ನು ಈಗಲೇ ಲೆಕ್ಕಕ್ಕೆ ಹಿಡಿದು ಕಳೆಯುವುದು. ಅದು ಬರದಿದ್ದರೆ ಮೂರನೇ ಸೆಮಿಸ್ಟರಿನಲ್ಲಿ ‘ನಿಮ್ಮ ಸ್ಕಾಲರ್‌ಶಿಪ್ ಬಂದಿಲ್ಲ, ಬಾಕಿ ಕಟ್ಟಿ’ ಎಂದು ಚೀಟಿ ಬರುತ್ತದೆ, ಅದೂ ಹಾಲ್ ಟಿಕೆಟ್ ಕೊಡುವ ವಾರ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ವರ್ಷವಾರು ಶುಲ್ಕ ಬರೆದು ಸೀಲು ಹಾಕಿ ಕೊಡಿ ಎಂದು ಕೇಳಿ ನೋಡಿ. ಹೆಚ್ಚಿನವರು ಅಲ್ಲಿಗೇ ಫೋನ್ ಇಡುತ್ತಾರೆ.

ವಾರ್ಡ್_ರೌಂಡ್ಸ್
ಪ್ಯಾಕೇಜಲ್ಲಿ ಬರದೇ ಇರೋದು ಏನೇನು ಅಂತಾನೂ ಕೇಳಿ. ವಿಶ್ವವಿದ್ಯಾಲಯದ ನೋಂದಣಿ, ಪ್ರತಿ ಸೆಮಿಸ್ಟರಿನ ಪರೀಕ್ಷಾ ಶುಲ್ಕ, ಎರಡು ಮೂರು ಜೊತೆ ಯೂನಿಫಾರಂ, ಬಿಳಿ ಶೂ, ರೆಕಾರ್ಡ್ ಬುಕ್ಕು, ಆಸ್ಪತ್ರೆಗೆ ಓಡಾಡೋ ಬಸ್ಸು. ಎಂಟು ಸೆಮಿಸ್ಟರ್ ಅಂದ್ರೆ ಪರೀಕ್ಷಾ ಶುಲ್ಕ ಎಂಟು ಸಲ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸೇರೋಕೆ ಮುಂಚೆಯೇ ಮೊದಲ ಡೋಸ್ ಹಾಕಿಸಿ. ಸೂಜಿ ಚುಚ್ಚಿಕೊಳ್ಳೋದು ಜಾಸ್ತಿ ಕೈ ಪಳಗದ ಮೊದಲ ಪೋಸ್ಟಿಂಗ್‌ನಲ್ಲೇ.

ಅರ್ಧ_ಟಿಕೆಟ್
ಇಷ್ಟೆಲ್ಲ ತಲೆನೋವು ಯಾಕ್ ಗುರು, ಜಿಎನ್‌ಎಂ ಮಾಡಿಸಿ. ಮೂರೇ ವರ್ಷ, ಖರ್ಚೂ ಕಮ್ಮಿ. ವಾರ್ಡಲ್ಲಿ ಮಾಡೋ ಕೆಲಸ ಇಬ್ಬರದೂ ಒಂದೇ.

ವಾರ್ಡ್_ರೌಂಡ್ಸ್
ವಾರ್ಡಲ್ಲಿ ಒಂದೇ, ಅರ್ಜಿ ಫಾರಂನಲ್ಲಿ ಒಂದೇ ಅಲ್ಲ. ಏಮ್ಸ್‌ನ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ತಗೊಳ್ಳಿ. ಬಿಎಸ್ಸಿ ಆದವರು ನೋಂದಣಿ ಆದ ಕೂಡಲೇ ಬರೀಬಹುದು. ಜಿಎನ್‌ಎಂ ಆದವರಿಗೆ 50 ಹಾಸಿಗೆಗೆ ಕಮ್ಮಿ ಇಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಆ ಹುದ್ದೆ 7ನೇ ಲೆವೆಲ್, ಮೂಲವೇತನ 44,900. ಜಿಎನ್‌ಎಂ ಆದಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡ್ತೀನಿ ಅಂದ್ರೆ ಇನ್ನೆರಡು ವರ್ಷ. ಮೂರಕ್ಕೆ ಎರಡು ಸೇರಿ ಐದು. ನೇರ ಬಿಎಸ್ಸಿ ನಾಲ್ಕು.

ಜಿಎನ್‌ಎಂ ಕೆಟ್ಟದ್ದು ಅಂತಲ್ಲ. ಪಿಯುನಲ್ಲಿ ಆರ್ಟ್ಸ್, ಕಾಮರ್ಸ್ ಓದಿದವರಿಗೆ ಇರೋ ದಾರಿ ಅದೇ. ಪಿಸಿಬಿ ಇದ್ದು ಸಿಇಟಿನೂ ಬರೆದು, ಸರ್ಕಾರಿ ಕೋಟಾ ಸಿಗೋ ಸಾಧ್ಯತೆ ಇರೋವಾಗ ಅದಕ್ಕೆ ಇಳಿಯೋದು ನಷ್ಟದ ಬಾಬತ್ತು.

ಅರ್ಧ_ಟಿಕೆಟ್
ಸರಿ ಒಪ್ಪಿದೆ. ಆದ್ರೆ ನಾರ್ಸೆಟ್‌ನಲ್ಲಿ ಗಂಡು ಹುಡುಗರ ಗತಿ? ಶೇ 80 ಹೆಣ್ಣುಮಕ್ಕಳಿಗೇ.

ವಾರ್ಡ್_ರೌಂಡ್ಸ್
ಇಲ್ಲಿ ಕೇಳ್ತಿರೋದು ಹುಡುಗಿಗೆ ಅಲ್ವೇನಪ್ಪಾ. ‘ಬ್ರದರ್’ಗಳಿಗೆ ಬೇರೆ ಚರ್ಚೆ ಶುರು ಮಾಡು.

ತಾಮ್ರದ_ತಂಬಿಗೆ
ಮಿಲಿಟರಿ ನರ್ಸಿಂಗ್ ಹಾಕ್ಸಿ, ಪೂರ್ತಿ ಫ್ರೀ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೇ 40 ಸೀಟು ಇದೆ.

ಕೌಂಟರ್_ನಂ3
ಅದಕ್ಕೆ ನೀಟ್ ಯುಜಿ ಅಂಕ ಬೇಕೇ ಬೇಕು, ಈ ಹುಡುಗಿ ಬರೆದಿಲ್ಲ. ಈ ವರ್ಷಕ್ಕೆ ಮುಚ್ಚಿದ ಬಾಗಿಲು. ಅವಿವಾಹಿತ ಹೆಣ್ಣುಮಕ್ಕಳಿಗೆ ಮಾತ್ರ, ಓದು ಮುಗಿದ ಮೇಲೆ ಸೇವೆ ಮಾಡ್ತೀನಿ ಅನ್ನೋ ಬಾಂಡ್ ಇದೆ. ಮುಂದಿನ ವರ್ಷಕ್ಕೆ ತಯಾರಾಗೋರು ಎಂಬಿಬಿಎಸ್ ಆಸೆ ಇಲ್ಲದಿದ್ರೂ ನೀಟ್ ಬರೆದಿಡಿ ಅನ್ನೋದು ಇದಕ್ಕೇ.

ಬಡ್ಡಿ_ಶಾಸ್ತ್ರಿ
ಸಾಲದ ವಿಷಯ. ಎಲ್ಲ ಬ್ಯಾಂಕುಗಳ ಮಾದರಿ ಯೋಜನೆಯಲ್ಲೂ 4 ಲಕ್ಷದ ತನಕ ಅಡಮಾನ ಇಲ್ಲ, ಕೈಯಿಂದ ಹಾಕೋ ಮಾರ್ಜಿನ್ನೂ ಇಲ್ಲ. ಅಪ್ಪ ಅಥವಾ ಅಮ್ಮ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೇ. ಶುಲ್ಕದ ಜೊತೆ ಹಾಸ್ಟೆಲ್, ಪುಸ್ತಕ, ಯೂನಿಫಾರಂ, ಪರೀಕ್ಷಾ ಶುಲ್ಕ ಎಲ್ಲ ಸೇರಿಸಿ ಕೇಳಬಹುದು. ದುಡ್ಡು ವರ್ಷ ವರ್ಷ ನೇರ ಕಾಲೇಜಿನ ಖಾತೆಗೆ ಹೋಗುತ್ತೆ, ಏಜೆಂಟಿನ ಖಾತೆಗಲ್ಲ. ಏಜೆಂಟಿಗೆ ಫೋನ್‌ಪೇ ಮಾಡಿದ 20 ಸಾವಿರಕ್ಕೆ ಬ್ಯಾಂಕಿನ ಲೆಕ್ಕದಲ್ಲಿ ಜಾಗವೇ ಇಲ್ಲ.

ಜನ ಎಡವೋದು ಬಡ್ಡಿಯಲ್ಲಿ. ಓದೋವಾಗ ಕಂತಿಲ್ಲ ಅಂದ್ರೆ ಬಡ್ಡಿ ಓಡ್ತಾ ಇಲ್ಲ ಅಂತ ಅರ್ಥ ಅಲ್ಲ. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ತಗೊಂಡ್ರಿ, ಬಡ್ಡಿ ಶೇ 10 ಅಂತ ಇಟ್ಕೊಳ್ಳಿ. ನಾಲ್ಕು ವರ್ಷದ ಓದು, ಮೇಲೆ ಒಂದು ವರ್ಷದ ರಿಯಾಯಿತಿ ಅವಧಿ. ಮೊದಲ ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 50 ಸಾವಿರ, ಎರಡನೇದಕ್ಕೆ 40, ಮೂರನೇದಕ್ಕೆ 30, ನಾಲ್ಕನೇದಕ್ಕೆ 20. ಒಟ್ಟು 1.40 ಲಕ್ಷ. ಕಂತು ಶುರುವಾಗೋ ದಿನ ತಲೆ ಮೇಲೆ 5.40 ಲಕ್ಷ. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 7,140. ಹದಿನೈದು ವರ್ಷಕ್ಕೆ ಎಳೆದ್ರೆ 5,800, ಆದ್ರೆ ಒಟ್ಟು ಕಟ್ಟೋದು ಹತ್ತು ಲಕ್ಷ ದಾಟುತ್ತೆ. ಹೊಸದಾಗಿ ಸೇರಿದ ಸಿಸ್ಟರ್ ಕೈಗೆ 18 ಸಾವಿರ ಸಿಕ್ಕಿ, ಪಿಜಿ ವಸತಿಗೆ 7 ಸಾವಿರ ಹೋದ್ರೆ ಉಳಿಯೋದೆಷ್ಟು, ನೀವೇ ನೋಡಿ.

ಅದೇ ಸಾಲಕ್ಕೆ ಓದೋವಾಗಲೇ ಬಡ್ಡಿ ಮಾತ್ರ ಕಟ್ಟಿಕೊಂಡು ಹೋದ್ರೆ ಮೊದಲ ವರ್ಷ ತಿಂಗಳಿಗೆ 833, ಎರಡನೇ ವರ್ಷ 1,667, ಹೀಗೆ ಏರಿ ಕೊನೆಗೆ 3,333. ಆಗ ಕಂತು ಶುರುವಾಗೋದು ಬರೀ 4 ಲಕ್ಷದ ಮೇಲೆ, ಹತ್ತು ವರ್ಷಕ್ಕೆ 5,290ರ ಹತ್ತಿರ. ಹೀಗೆ ಕಟ್ಟೋರಿಗೆ ಶೇ 1 ಬಡ್ಡಿ ಕಮ್ಮಿ ಮಾಡೋಕೂ ಯೋಜನೆಯಲ್ಲಿ ಅವಕಾಶ ಇದೆ, ಮ್ಯಾನೇಜರ್ ಬಾಯಿಬಿಟ್ಟು ಹೇಳೋದಿಲ್ಲ.

ಮಸಾಲೆ_ಮಂಡಕ್ಕಿ
ಶಾಸ್ತ್ರಿಗಳೇ, ಬಡವರಿಗೆ ಆ ಬಡ್ಡಿನ ಸರ್ಕಾರನ ಕಟ್ಟತೈತಲ್ಲ?

ಬಡ್ಡಿ_ಶಾಸ್ತ್ರಿ
ಅದಕ್ಕೇ ಬರ್ತಿದ್ದೆ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ರೆ ಕೇಂದ್ರದ ಬಡ್ಡಿ ಸಹಾಯಧನ ಇದೆ. ಓದು ಮತ್ತು ಮೇಲಿನ ಒಂದು ವರ್ಷದ ಪೂರ್ತಿ ಬಡ್ಡಿ ಅದರಲ್ಲೇ ಹೋಗುತ್ತೆ. ಅಂದ್ರೆ ಮೇಲಿನ ಲೆಕ್ಕದ 1.40 ಲಕ್ಷ ಸೊನ್ನೆ. ಷರತ್ತು ಕಾಲೇಜಿನದು: ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ) ಮಾನ್ಯತೆ ಇರಬೇಕು, ಅದರ ವ್ಯಾಪ್ತಿಗೆ ಬರದ ಸಂಸ್ಥೆಯಾದ್ರೆ ನರ್ಸಿಂಗ್ ಕೌನ್ಸಿಲ್‌ನ ಅನುಮೋದನೆ ಇರಬೇಕು. ಮಧ್ಯದಲ್ಲಿ ಓದು ಬಿಟ್ರೆ ಸಹಾಯಧನ ಇಲ್ಲ. ಅರ್ಜಿ ಹಾಕೋವಾಗಲೇ ‘ಈ ಖಾತೆ ಸಹಾಯಧನಕ್ಕೆ ಸೇರಿದೆಯಾ’ ಅಂತ ಬರಹದಲ್ಲಿ ಕೇಳಿ. ಎಷ್ಟೋ ಶಾಖೆಗಳಲ್ಲಿ ಆದಾಯ ಪತ್ರ ಫೈಲಿನಲ್ಲೇ ಮಲಗಿರುತ್ತೆ, ಕ್ಲೇಮ್ ಹೋಗಿರೋಲ್ಲ.

2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಬೇರೆ. ಅದು ರ‍್ಯಾಂಕಿಂಗ್ ಪಟ್ಟಿಯ ಮೇಲ್ಮಟ್ಟದ ಸಂಸ್ಥೆಗಳಿಗೆ ಮಾತ್ರ, 8 ಲಕ್ಷದ ತನಕ ಆದಾಯದವರಿಗೆ ಶೇ 3 ಬಡ್ಡಿ ರಿಯಾಯಿತಿ. ಊರ ನರ್ಸಿಂಗ್ ಕಾಲೇಜು ಅದರಲ್ಲಿ ಸಿಗೋದು ಅಪರೂಪ.

ಕಡಲತೀರ_ಕಾಂಜಿ
ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಬ್ಯಾಂಕ್ ಸಾಲ ಕೊಟ್ಟರೂ ಸರ್ಕಾರ ಒಪ್ಪಿದ ಶುಲ್ಕದಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಕಾಲೇಜು ಕೇಳುವುದು ಹೆಚ್ಚಿದ್ದರೆ ವ್ಯತ್ಯಾಸ ಮನೆಯವರ ಮೇಲೆ. ಪ್ಯಾಕೇಜಿನವರು ಇದನ್ನು ಹೇಳುವುದೇ ಇಲ್ಲ.

ಹಿರೇಹಳ್ಳ_ದಂಡಿ
ಅಪ್ಪನ ಬೆಳೆಸಾಲ ಎರಡು ವರ್ಷ ರಿನ್ಯೂವಲ್ ಆಗಿಲ್ಲರಿ. ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಬಿದ್ದಿರತೈತಿ. ಬ್ಯಾಂಕಿನ್ಯಾವ್ರು ಬಾಗಿಲದಾಗ ಕಳಸ್ತಾರೇನು?

ಬಡ್ಡಿ_ಶಾಸ್ತ್ರಿ
ಕಳಿಸೋಕೆ ನೋಡ್ತಾರೆ. ಮೂರು ದಾರಿ. ಅಮ್ಮನ ಹೆಸರಲ್ಲಿ ಸಾಲ ಇಲ್ಲದಿದ್ರೆ ಅಮ್ಮನನ್ನೇ ಜಂಟಿ ಸಾಲಗಾರ್ತಿ ಮಾಡಿ. ಇಲ್ಲವಾದ್ರೆ ಬೆಳೆಸಾಲದ ಬಡ್ಡಿ ಭಾಗ ಕಟ್ಟಿ ನವೀಕರಿಸಿ, ಆಮೇಲೆ ಅರ್ಜಿ. ‘ಒನ್ ಟೈಮ್ ಸೆಟಲ್‌ಮೆಂಟ್’ ಮಾತ್ರ ಅವಸರದಲ್ಲಿ ಬೇಡ, ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಕೂತ್ರೆ ಅದು ಕಪ್ಪುಚುಕ್ಕೆಯೇ. ಮೂರನೇದು, ಬಾಯಿಮಾತಿನ ‘ಆಗಲ್ಲ’ ಕೇಳಿ ವಾಪಸ್ ಬರಬೇಡಿ. ಅರ್ಜಿಯನ್ನ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ, ದಾಖಲೆ ಉಳಿಯುತ್ತೆ. ತಿರಸ್ಕಾರ ಮಾಡೋಕೆ ಶಾಖೆ ತನ್ನ ಮೇಲಿನ ಕಚೇರಿಯ ಒಪ್ಪಿಗೆ ತಗೋಬೇಕು. ‘ನೀವು ನಮ್ಮ ಸೇವಾ ವ್ಯಾಪ್ತಿಯವರಲ್ಲ’ ಅಂತ ಕಳಿಸೋ ಹಾಗೂ ಇಲ್ಲ, ಆರ್‌ಬಿಐ 2012ರಲ್ಲೇ ಹೇಳಿದೆ. ಅಪ್ಪನ ಸಿಬಿಲ್ ಕಮ್ಮಿ ಅನ್ನೋ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸೋ ಹಾಗಿಲ್ಲ ಅಂತ ಕೇರಳ ಹೈಕೋರ್ಟ್ 2020ರಲ್ಲಿ ಹೇಳಿತ್ತು. ಇಲ್ಲಿನ ಮ್ಯಾನೇಜರ್ ಅದನ್ನ ಕೇಳ್ತಾರೆ ಅಂತ ನಂಬ್ಕೊಂಡು ಮಾತ್ರ ಹೋಗಬೇಡಿ.

ಕೌಂಟರ್_ನಂ3
ಬ್ಯಾಂಕಿಗೆ ಓಡೋ ಮುಂಚೆ ಸರ್ಕಾರಿ ನಿಗಮಗಳ ‘ಅರಿವು’ ಶಿಕ್ಷಣ ಸಾಲ ನೋಡಿ. 2ಎ ಆದ್ರೆ ದೇವರಾಜ ಅರಸು ನಿಗಮ, ಬಡ್ಡಿ ಶೇ 2. ಸಿಇಟಿ ಮೂಲಕ ಸೀಟು ಸಿಕ್ಕವರಿಗೆ. ನೋಡಿ, ಇಲ್ಲೂ ಅದೇ ಬಾಗಿಲಿನ ಮಾತು. ಏಜೆಂಟಿನ ಸೀಟಿಗೆ ಇದು ಇಲ್ಲ. ಎಸ್‌ಸಿ ಮಕ್ಕಳಿಗಂತೂ ಕೇಂದ್ರದ ಮೆಟ್ರಿಕ್ ನಂತರದ ವೇತನವೇ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಸಿಗೋಲ್ಲ, ಆದಾಯ 2.5 ಲಕ್ಷದ ಒಳಗಿದ್ರೂ.

ದಾಸವಾಳ_ಡಿಜಿಟಲ್
ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಬಗ್ಗೆ ಯಾರೂ ಹೇಳ್ಲಿಲ್ಲ. ಅಲ್ಲಿ ಅರ್ಜಿ ‘ಸಬ್ಮಿಟ್’ ಆದ್ರೆ ಮುಗೀತು ಅಂದ್ಕೊಂಡು ಕೂತ್ಕೋತಾರೆ, ದುಡ್ಡು ಬರಲ್ಲ. ಕಾರಣ ಸಾಮಾನ್ಯವಾಗಿ ಇವೇ. ಅಂಕಪಟ್ಟಿಯಲ್ಲಿ ‘ರೇಣುಕಾ ಎಚ್’, ಆಧಾರಲ್ಲಿ ‘ರೇಣುಕಾ ಹನುಮಪ್ಪ’. ಆರ್‌ಡಿ ನಂಬರಿನ ಅವಧಿ ಮುಗಿದಿರೋದು. ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಇನ್ನೂ ಬಂದಿಲ್ಲ ಅಂತ ಮೊದಲ ವರ್ಷದವರು ಕಾದು ಕಾದು ಕೊನೇ ದಿನಾಂಕ ತಪ್ಪಿಸಿಕೊಳ್ಳೋದು, ಅದಕ್ಕೆ ಕಾಲೇಜಿನ ಗುಮಾಸ್ತರ ಬೆನ್ನು ಹತ್ತಲೇಬೇಕು.

ಎಲ್ಲಕ್ಕಿಂತ ದೊಡ್ಡದು ಆಧಾರ್ ಸೀಡಿಂಗ್. ಅರ್ಜಿಯಲ್ಲಿ ಬರೆದ ಖಾತೆಗೆ ದುಡ್ಡು ಬರುತ್ತೆ ಅಂತ ಜನ ತಿಳ್ಕೊಂಡಿದ್ದಾರೆ. ಬರೋದು ಎನ್‌ಪಿಸಿಐ (ಹಣ ಪಾವತಿ ನಿಗಮ) ದಾಖಲೆಯಲ್ಲಿ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅದಕ್ಕೆ, ಸೀಡಿಂಗ್ ಅಂದ್ರೆ ಆ ಜೋಡಣೆ. ಸಿಮ್ ಕೊಳ್ಳೋವಾಗ ಅಂಗಡಿಯವನು ಬೆರಳೊತ್ತಿಸಿ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿರ್ತಾನೆ, ಸೀಡಿಂಗ್ ಅಲ್ಲಿಗೆ ಹೋಗಿರುತ್ತೆ. ಆಧಾರ್ ಪೋರ್ಟಲ್‌ನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದ್ರೆ ಬ್ಯಾಂಕಿನ ಹೆಸರು ಕಾಣುತ್ತೆ. ಎರಡು ನಿಮಿಷದ ಕೆಲಸ.

ತಾಮ್ರದ_ತಂಬಿಗೆ
ವಿದ್ಯಾಸಿರಿನೂ ಹಾಕ್ಸಿ, ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ಲೂ ಹಾಕ್ಸಿ. ಎರಡೂ ಬರಲಿ.

ದಾಸವಾಳ_ಡಿಜಿಟಲ್
ಎರಡೂ ಬರಲ್ಲ. ವಿದ್ಯಾಸಿರಿ ಸಹಾಯಧನ ಇರೋದೇ ಹಾಸ್ಟೆಲ್ ಸಿಗದವರಿಗೆ. ಶುರುವಾದಾಗ ತಿಂಗಳಿಗೆ 1,500, ವರ್ಷಕ್ಕೆ ಹತ್ತು ತಿಂಗಳು. ಈ ಕಾಲದಲ್ಲಿ ಆ ದುಡ್ಡಿಗೆ ಮೆಸ್ ಬಿಲ್ಲೂ ಆಗಲ್ಲ. ಊಟ, ವಸತಿ ಎರಡೂ ಸಿಗೋ ಹಾಸ್ಟೆಲ್ಲೇ ಲಾಭ. ಅದರ ಅರ್ಜಿ ಎಸ್‌ಎಚ್‌ಪಿ ಅನ್ನೋ ಬೇರೆ ಪೋರ್ಟಲ್‌ನಲ್ಲಿ. ಆದ್ರೆ ಒಂದು ಕೊಕ್ಕೆ: ಕೆಲವು ನರ್ಸಿಂಗ್ ಕಾಲೇಜುಗಳು ‘ನಮ್ಮ ಹಾಸ್ಟೆಲ್ ಕಡ್ಡಾಯ’ ಅಂತಾರೆ. ಸೇರೋ ಮುಂಚೆ ಕೇಳಿ.

ಅರ್ಧ_ಟಿಕೆಟ್
ನರ್ಸಿಂಗ್ ಬಿಟ್ಟು ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್ ಕೋರ್ಸ್ ಯಾಕೆ ನೋಡಬಾರದು? ಅದಕ್ಕೆ ಕೌನ್ಸಿಲ್ಲೂ ಇಲ್ಲ, ಕಿರಿಕಿರಿನೂ ಇಲ್ಲ.

ಪೈಪೆಟ್_ಪುರಾಣ
ಕೌನ್ಸಿಲ್ ಇಲ್ಲ ಅನ್ನೋದು ಹಳೇ ಮಾತು, 2021ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಆಯೋಗದ ಕಾಯ್ದೆಯೇ ಬಂದಿದೆ. ಡಿಪ್ಲೊಮಾ ಆದ್ರೆ ಪ್ಯಾರಾಮೆಡಿಕಲ್ ಬೋರ್ಡಿಂದು ಅಂತ ಖಾತ್ರಿ ಮಾಡ್ಕೊಳ್ಳಿ. ಬಸ್ ಸ್ಟ್ಯಾಂಡ್ ಎದುರಿನ ಮಹಡಿ ಮೇಲೆ ಆರು ತಿಂಗಳಲ್ಲಿ ‘ಲ್ಯಾಬ್ ಟೆಕ್ನಿಷಿಯನ್’ ಮಾಡಿಕೊಡೋ ಸರ್ಟಿಫಿಕೇಟು ಗೋಡೆಗೆ ತೂಗುಹಾಕೋಕೆ ಚೆನ್ನಾಗಿರುತ್ತೆ, ಸರ್ಕಾರಿ ಅರ್ಜಿಗೆ ಬರಲ್ಲ.

ವಾರ್ಡ್_ರೌಂಡ್ಸ್
ಕಾಲೇಜು ನೋಡೋಕೆ ಹೋದಾಗ ಎಸಿ ಸ್ಕಿಲ್ ಲ್ಯಾಬ್ ತೋರಿಸಿ ಕಳಿಸ್ತಾರೆ. ನೋಡಬೇಕಾದ್ದು ಆಸ್ಪತ್ರೆ. ಬಿಎಸ್ಸಿ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಮಾತೃ ಆಸ್ಪತ್ರೆ ಬೇಕು, ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳ ಲೆಕ್ಕ. ಬೆಳಿಗ್ಗೆ ಕಾಲೇಜು ಬಸ್ಸು ಯಾವ ಆಸ್ಪತ್ರೆಗೆ ಹೋಗುತ್ತೆ, ಎಷ್ಟು ಹೊತ್ತಿನ ದಾರಿ, ಹೆರಿಗೆ ವಾರ್ಡಲ್ಲಿ ಜನ ಇದ್ದಾರಾ ಅಂತ ಮೂರನೇ ವರ್ಷದ ಹುಡುಗಿಯರನ್ನ ಕ್ಯಾಂಟೀನಲ್ಲಿ ಕೇಳಿ. ಹೆರಿಗೆ ಇಲ್ಲದ ಆಸ್ಪತ್ರೆಯಾದ್ರೆ ಕೇಸ್ ಬುಕ್ಕಿನಲ್ಲಿ ಬರೆಯಬೇಕಾದ ಹೆರಿಗೆಗಳ ಸಂಖ್ಯೆ ತುಂಬೋಕೆ ಪರದಾಟ. ಥಿಯರಿಗೆ ಶೇ 80 ಹಾಜರಾತಿ ಇದ್ರೆ ಪರೀಕ್ಷೆಗೆ ಕೂರಬಹುದು, ಕ್ಲಿನಿಕಲ್ ಮಾತ್ರ ಪದವಿ ಕೈಗೆ ಬರೋ ಮುಂಚೆ ಶೇ 100 ಆಗಲೇಬೇಕು. ಓದ್ತಾ ಪಾರ್ಟ್ ಟೈಮ್ ದುಡೀತೀನಿ ಅನ್ನೋರು ಇದನ್ನ ಲೆಕ್ಕ ಹಾಕಿರಲ್ಲ.

ಇನ್ನೊಂದು, ಮೂಲ ಅಂಕಪಟ್ಟಿ ಕಾಲೇಜಿಗೆ ಕೊಟ್ಟು ಬರಬೇಡಿ. ತೋರಿಸಿ, ಪರಿಶೀಲನೆ ಆದಮೇಲೆ ವಾಪಸ್ ತಗೊಳ್ಳಿ. ಇಟ್ಟುಕೊಳ್ಳೋ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ.

ಮಸಾಲೆ_ಮಂಡಕ್ಕಿ
ಕನ್ನಡ ಮೀಡಿಯಂ ಹುಡುಗಿಗೆ ಇಂಗ್ಲಿಷಿನ ಅನಾಟಮಿ ಹೆಂಗ್ರೀ?

ಪೈಪೆಟ್_ಪುರಾಣ
ಮೊದಲ ಆರು ತಿಂಗಳು ಕಷ್ಟ. ಪದದ ಬೇರು ಕಲಿತ್ರೆ ಅರ್ಧ ದಾಟಿದ ಹಾಗೆ. ‘ಹೆಪಟೊ’ ಅಂದ್ರೆ ಯಕೃತ್ತು, ‘ನೆಫ್ರೊ’ ಅಂದ್ರೆ ಮೂತ್ರಪಿಂಡ, ‘ಐಟಿಸ್’ ಅಂದ್ರೆ ಉರಿಯೂತ. ನೂರು ಬೇರು ಗೊತ್ತಿದ್ರೆ ಸಾವಿರ ಪದ ಬಿಡಿಸಬಹುದು.

ವಾರ್ಡ್_ರೌಂಡ್ಸ್
ಅಜ್ಜಿಯೊಬ್ಬಳು ‘ಹೊಟ್ಟಿ ನುಲಿಯಾಕ ಹತ್ತೇತಿ, ಎದಿ ಡವಡವ ಅಂತೈತಿ’ ಅಂದಾಗ ಮೊದಲು ಅರ್ಥ ಆಗೋದು ಅದೇ ಹುಡುಗಿಗೆ. ಹಿಸ್ಟರಿ ತಗೊಳ್ಳೋದು ಅಂದ್ರೆ ಅದೇ ತಾನೇ.

ಹಿರೇಹಳ್ಳ_ದಂಡಿ
ಏಜೆಂಟಗ ‘ವರ್ಷವಾರು ಫೀ ಲೆಟರ್‌ಹೆಡ್ ಮ್ಯಾಲ ಕೊಡ್ರಿ’ ಅಂದ್ವಿ. ‘ಅದು ಅಡ್ಮಿಷನ್ ಆದಮ್ಯಾಲ’ ಅಂತ ಫೋನ್ ಇಟ್ಟ. ಆಧಾರ್ ಸೀಡಿಂಗ್ ನೋಡಿದ್ವಿ. ಖರೇನ ರೀ, ಪೇಮೆಂಟ್ಸ್ ಬ್ಯಾಂಕಿನ ಹೆಸರು ಬಂತು! ಆ ಖಾತೆ ಐತಿ ಅಂತ ಮನಿಯಾಗ ಯಾರಿಗೂ ಗೊತ್ತಿದ್ದಿಲ್ಲ. ಈಗೇನು ಮಾಡೋದು?

ದಾಸವಾಳ_ಡಿಜಿಟಲ್
ಹುಡುಗಿಯ ಹೆಸರಲ್ಲಿ ಗ್ರಾಮೀಣ ಬ್ಯಾಂಕೋ ಅಂಚೆ ಕಚೇರಿಯೋ ಯಾವುದಾದ್ರೂ ಖಾತೆ ಇದ್ರೆ ಪಾಸ್‌ಬುಕ್, ಆಧಾರ್ ಜೆರಾಕ್ಸ್ ತಗೊಂಡು ಅವಳೇ ಹೋಗಲಿ. ‘ಆಧಾರ್ ಲಿಂಕ್ ಮಾಡಿ’ ಅಂತ ಕೇಳಬೇಡಿ, ಅದು ಬರೀ ಕೆವೈಸಿ ಆಗಿ ಮುಗಿಯುತ್ತೆ. ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಫಾರಂ ಕೊಡಿ, ಹಳೇ ಬ್ಯಾಂಕಿಂದ ಇಲ್ಲಿಗೆ ಬದಲಾಯಿಸಿ’ ಅಂತ ಕೇಳಿ. ಫಾರಂನಲ್ಲಿ ಹಳೇ ಬ್ಯಾಂಕಿನ ಹೆಸರು ಬರೆಯೋ ಜಾಗ ಇರುತ್ತೆ, ಖಾಲಿ ಬಿಡಬೇಡಿ. ಒಂದು ವಾರ ಬಿಟ್ಟು ಮತ್ತೆ ಅದೇ ಸ್ಟೇಟಸ್ ನೋಡಿ.

ಕೌಂಟರ್_ನಂ3
ದಾರಿಯಲ್ಲಿ ಸಹಾಯಕ ಆಯುಕ್ತರ ಕಚೇರಿನೂ ಮುಗಿಸಿಕೊಂಡು ಬನ್ನಿ. 371ಜೆ ಅರ್ಜಿಗೆ ಅಪ್ಪನ ವಾಸಸ್ಥಳದ ದಾಖಲೆ, ಹುಡುಗಿಯ ವ್ಯಾಸಂಗ ಪ್ರಮಾಣಪತ್ರ ಎರಡೂ ಜೊತೆಗಿರಲಿ.

ಅರ್ಧ_ಟಿಕೆಟ್
ಬ್ರದರ್‌ಗಳ ಚರ್ಚೆ ಬೇರೆ ಶುರು ಮಾಡಿದ್ದೀನಿ, ಎಲ್ರೂ ಅಲ್ಲಿಗೆ ಬನ್ನಿ.